ಕಡ್ಡಿಗೆ ಅಂಟಿದ ಕಪ್ಪು

ಕೊಣ್ಣೂರ, ಶುಕ್ರವಾರ

ಮಾನ್ಯ ಈಶ್ವರ ಸರ್,

ಸೋಮವಾರ ಪರೀಕ್ಷಕರ ಮುಂದೆ ನಾನು ಪ್ರಯೋಗ ತೋರಿಸಲಾರೆ. ದಯವಿಟ್ಟು ನನ್ನ ಪಿಎಚ್‌ಡಿ ಪರೀಕ್ಷೆಯನ್ನು ನಿಲ್ಲಿಸಿ.

ನಿನ್ನೆ ನನ್ನ ವೇಗವರ್ಧಕದ ಪುಡಿಯನ್ನು ಹಾಕದೆಯೇ ಆಲ್ಕೋಹಾಲ್ ಕಾಯಿಸಿ ನೋಡಿದೆ. ಆದರೂ ಅದು ಪೂರ್ತಿ ಉತ್ಕರ್ಷಣಗೊಂಡಿತು. ಕೆಲಸ ಮಾಡುತ್ತಿದ್ದುದು ಇಂಗಾಲದ ನ್ಯಾನೊ ನಳಿಕೆಗಳ ಮೇಲೆ ನಾನು ಕೂರಿಸಿದ ಪಲ್ಲಾಡಿಯಂ ಲೋಹ ಅಲ್ಲ, ಸರ್. ಕಲಕಲು ಹಾಕುವ ಹಳೆಯ ಅಯಸ್ಕಾಂತದ ಕಡ್ಡಿಗೆ ಹಿಂದಿನ ವಿದ್ಯಾರ್ಥಿಗಳು ಬಳಸಿದ ಪಲ್ಲಾಡಿಯಂ ಕಪ್ಪಾಗಿ ಅಂಟಿದೆ. ಹೊಸ ಕಡ್ಡಿ ಹಾಕಿದರೆ ನನ್ನ ನಾಲ್ಕು ವರ್ಷದ ಪುಡಿ ಸುಮ್ಮನೆ ತಿರುಗುತ್ತದೆ.

"ಕಲೆ ಇದ್ರ ಇರ್ಲಿ, ತಿರಗತೈತಲ್ಲ" ಎಂದು ಆ ಹಳೆಯ ಕಡ್ಡಿಯನ್ನು ಕೊಟ್ಟವರು ನೀವೇ.

ಅಮ್ಮಿ ಸೋಮವಾರದ ಊಟಕ್ಕೆ ಹುಕ್ಕೇರಿಯ ಬಳಗವನ್ನೆಲ್ಲ ಆಗಲೇ ಕರೆದಿದ್ದಾಳೆ. ಕಡ್ಡಿಯನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ನಾನೇ ಬಂದು ಅಳುತ್ತ ಕೇಳಿದರೂ ವಾಪಸ್ ಕೊಡಬೇಡಿ. ಕೈಗೆ ಸಿಕ್ಕರೆ ಸೋಮವಾರ ಪಾಸಾಗಿಬಿಡುತ್ತೇನೆ.

ನಿಮ್ಮ ವಿದ್ಯಾರ್ಥಿನಿ,
ಜಹೀರಾ