ಶ್ರೀಹರಿಯ ಸೀಟು

ಸೆಂಡಾಯ್, ಜಪಾನ್, ಮೇ ೧೨

ವಿಶಾಲಾಕ್ಷಿ ಅತ್ತಿಗೆಯವರಿಗೆ ನಮಸ್ಕಾರ.

ನಿಮ್ಮ ತಮ್ಮ ತೀರಿಕೊಳ್ಳುವ ಮುಂಚೆ ತಮಗೂ ನನಗೂ ಒಂದು ಪ್ರವಾಸ ಬುಕ್ ಮಾಡಿದ್ದರು. ಆಗಸ್ಟಿನಲ್ಲಿ ಇಪ್ಪತ್ತು ದಿನ, ನಮೀಬಿಯಾದಿಂದ ಬೋಟ್ಸ್‌ವಾನಾವರೆಗೆ ಲಾರಿಯಂಥ ಬಸ್ಸಿನಲ್ಲಿ ಪ್ರಯಾಣ, ಕಾಡಿನಲ್ಲಿ ಟೆಂಟ್. “ನಿನ್ನ ಆಫೀಸ್ ಫೋನ್ ಬರಬಾರ್ದು ಅಂದ್ರೆ ಸಿಂಹ ಇರೋ ಕಡೆಗೇ ಹೋಗ್ಬೇಕು ಕಣೇ” ಅಂತ ನಗುತ್ತಿದ್ದರು. ಅವರ ಸೀಟನ್ನು ಬೇರೆಯವರ ಹೆಸರಿಗೆ ಬದಲಿಸಬಹುದೆಂದು ಕಂಪನಿಯವರು ತಿಳಿಸಿದ್ದಾರೆ. ನೀವು ಬರುತ್ತೀರಾ?

ನವೆಂಬರಿನಲ್ಲಿ ನೀವು ಬಂದಿಳಿದಾಗ ಎಲ್ಲ ಮುಗಿದಿತ್ತು. “ಒಂದು ದಿನ ಕಾಯೋಕಾಗ್ಲಿಲ್ವಾ ನಿಂಗೆ?” ಎಂದಿರಿ. ಇಲ್ಲಿನ ನಿಯಮವೇ ಹಾಗೆ ಎಂದು ಹೇಳಿ ಅಡುಗೆಮನೆಗೆ ಹೋದೆ. ಅದು ಸುಳ್ಳು. ಚಿತಾಗಾರದವರು ಬುಧವಾರ ಅಥವಾ ಶುಕ್ರವಾರ ಎಂದಿದ್ದರು. ನೀವು ಗುರುವಾರ ತಲುಪುತ್ತೀರೆಂದು ಗೊತ್ತಿದ್ದೂ ಬುಧವಾರ ಎಂದೆ. ನಿಮ್ಮ ತಮ್ಮನ ಮುಖ ನೋಡಲಾಗುತ್ತಿರಲಿಲ್ಲವೋ, ನಿಮ್ಮದನ್ನು ನೋಡಲಾಗುತ್ತಿರಲಿಲ್ಲವೋ, ನನಗೆ ಇನ್ನೂ ತಿಳಿದಿಲ್ಲ. ಇಲ್ಲಿ ದಹನವಾದ ಮೇಲೆ ಒಂದೊಂದು ಮೂಳೆಯನ್ನೂ ಇಬ್ಬರು ಸೇರಿ ಕಡ್ಡಿಗಳಿಂದ ಎತ್ತಬೇಕು. ನೀವು ನಿಲ್ಲಬೇಕಾದ ಜಾಗದಲ್ಲಿ ಅವರ ಲ್ಯಾಬಿನ ಸಹೋದ್ಯೋಗಿ ಸಾಟೋ ಸಾನ್ ನಿಂತಿದ್ದರು.

ಬರುವುದಾದರೆ ಪಾಸ್‌ಪೋರ್ಟಿನ ಮೊದಲ ಪುಟದ ಫೋಟೋ ಈ ತಿಂಗಳೊಳಗೆ ಕಳಿಸಿ. ಮಲೇರಿಯಾ ಮಾತ್ರೆಯ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ. ಬೆಳಗಿನ ಚಳಿಗೆ ಸ್ವೆಟರ್ ಬೇಕು.

ನಮಗಿಬ್ಬರಿಗೂ ಒಂದೇ ಟೆಂಟ್. ಕತ್ತಲಾದ ಮೇಲೆ ಯಾರೂ ಹೊರಗೆ ಬರಬಾರದಂತೆ, ಪ್ರಾಣಿಗಳು ಓಡಾಡುತ್ತವಂತೆ. ಕೇಳಬೇಕಾದದ್ದನ್ನೆಲ್ಲ ಅಲ್ಲಿ ಕೇಳಿ, ಅತ್ತಿಗೆ. ನಾನು ಎದ್ದುಹೋಗುವ ಹಾಗಿರುವುದಿಲ್ಲ.

ನಿಮ್ಮ,
ಸುಚೇತಾ