ಒಗೆಯದ ಕೋಟು

ಭಾನುವಾರ, ಮಧ್ಯಾಹ್ನ

ಅಮ್ಮಾ,

ನಮಸ್ಕಾರ ಕೊನೆಯಲ್ಲಿ ಬರೆಯುತ್ತೇನೆ, ಅಷ್ಟರಲ್ಲಿ ಸಿಟ್ಟು ಇಳಿದರೆ. ನಿನ್ನ ಬೀರುವಿನ ಎರಡನೇ ಬೀಗದ ಕೈ ಕಳೆದುಹೋಗಿಲ್ಲ. ಇಷ್ಟು ವರ್ಷವೂ ನನ್ನ ಬಳಿಯೇ ಇತ್ತು.

ನಮ್ಮ ಲಾಂಡ್ರಿಯಿಂದ ಇಸ್ತ್ರಿ ಅಜ್ಜಿಯನ್ನು ನೀನು ಓಡಿಸಿದ ಸಂಜೆ ನಾನು ಬೀರು ತೆಗೆದೆ. ಗಿರಾಕಿಗಳ ಉಣ್ಣೆ ಕೋಟುಗಳಲ್ಲಿ ತೂತು ಬಿದ್ದಿದ್ದಕ್ಕೆ, "ನಿಮ್ಮನೆ ಕೊಳಕು ಕಂಬಳಿಯಿಂದ್ಲೇ ನುಸಿ ಬಂದಿರೋದು" ಎಂದು ನೀನು ಅಜ್ಜಿಗೆ ಎಲ್ಲರೆದುರು ಅಂದುಬಿಟ್ಟೆ. "ನಮ್ಮನೇಲಿ ಕಂಬಳಿ ಎಲ್ಲಿದೆ ತಾಯಿ, ಹೊದ್ಕೊಳ್ಳೋದು ಹರಕು ಚಾದರ" ಎಂದಿತು ಅಜ್ಜಿ. ನೀನು ಕೇಳಿಸಿಕೊಳ್ಳಲಿಲ್ಲ.

ಗಿರಾಕಿಗಳ ಬಟ್ಟೆ ಇಡುವ ಕೋಣೆಯಲ್ಲೇ ಇರುವ ಆ ಬೀರುವಿನಲ್ಲಿ ಇದ್ದದ್ದು ನಮ್ಮನ್ನು ಬಿಟ್ಟುಹೋದ ಅಪ್ಪನ ಕೋಟು. ಊರವರ ಕೋಟೆಲ್ಲ ಒಗೆಯುವ ನೀನು ಅದೊಂದನ್ನು ಒಗೆದಿಲ್ಲ, ಅವರ ವಾಸನೆ ಹೋಗಿಬಿಡುತ್ತದೆಂದು. ನುಸಿ ಎಂದು ನೀನು ಕರೆದ ಆ ಪತಂಗಕ್ಕೆ ಬೇಕಾದದ್ದೂ ಅದೇ: ಬೆವರು ಹಿಡಿದ ಉಣ್ಣೆ, ಕತ್ತಲೆ, ಯಾರೂ ಕೊಡವದ ಮಡಿಕೆ. ಕಾಲರ್ ಎತ್ತಿದೆ. ಮರಿಹುಳುಗಳು ಕೋಟಿನ ಎಳೆಯಿಂದಲೇ ಚೀಲ ನೇಯ್ದುಕೊಂಡು ಒಳಗೆ ಮಲಗಿದ್ದವು.

ಒಂದು ತುಂಡು ಕತ್ತರಿಸಿ ಗಾಜಿನ ಡಬ್ಬಿಗೆ ಹಾಕಿದೆ. ಶಾಲೆಯಲ್ಲಿ ಒಂದು ಪಾಠ ಮುಗಿಯುವವರೆಗೆ ಕೂರಲಾಗದ ನಾನು ತಿಂಗಳುಗಟ್ಟಲೆ ಕಾದೆ. ಹುಳು ತಿಂದಿತು, ಚೀಲದ ಬಾಯಿ ಮುಚ್ಚಿಕೊಂಡಿತು, ಕೊನೆಗೆ ಅಕ್ಕಿಕಾಳಿನಷ್ಟು ಪತಂಗವಾಗಿ ಹೊರಬಂತು. ನೀನು ಚಪ್ಪಲಿ ಹಿಡಿದು ಅಟ್ಟಾಡಿಸುತ್ತೀಯಲ್ಲ, ಅದೇ. ಅದಕ್ಕೆ ತಿನ್ನಲು ಬರುವುದಿಲ್ಲ ಅಮ್ಮಾ. ಮೊಟ್ಟೆಯಿಟ್ಟು ಸಾಯುತ್ತದೆ. ತಿನ್ನುವುದೆಲ್ಲ ಒಳಗೆ, ನೀನು ಬೀಗ ಹಾಕಿದ ಕಡೆ.

ಮೊನ್ನೆ ಡಬ್ಬಿಯನ್ನು ನಿನ್ನ ಮುಂದಿಟ್ಟೆ. ಬೀರು ಹೇಗೆ ತೆಗೆದೆ ಎಂದು ಸಹ ನೀನು ಕೇಳಲಿಲ್ಲ. "ಬಾಯಿ ಮುಚ್ಕೊಂಡಿರು, ಅಂಗಡಿ ಹೆಸರು ಹಾಳಾಗುತ್ತೆ" ಎಂದೆ. ಅಂದರೆ ನಿನಗೆ ಮೊದಲೇ ಗೊತ್ತಿತ್ತು! ಅಜ್ಜಿಯ ಹೆಸರೇನು ಬೀದಿಯಲ್ಲಿ ಬಿದ್ದಿತ್ತೇ? ಈ ಊರಿನ ಯಾವ ಅಂಗಡಿಯೂ ಈಗ ಅವಳನ್ನು ಒಳಗೆ ಬಿಡುತ್ತಿಲ್ಲ.

ಇಂದು ಬೆಳಿಗ್ಗೆ ಕೋಟನ್ನು ಅಂಗಡಿಯ ಮುಂದೆ ಬಿಸಿಲಿಗೆ ನೇತುಹಾಕಿದ್ದೇನೆ. ಏನಿದು ಎಂದು ಕೇಳಿದವರಿಗೆಲ್ಲ ಇದ್ದದ್ದು ಇದ್ದ ಹಾಗೆ ಹೇಳಿದ್ದೇನೆ. ಚಿಕ್ಕಮ್ಮನ ಮನೆಯಿಂದ ನೀನು ಬರುವಷ್ಟರಲ್ಲಿ ಬೀದಿಗೆಲ್ಲ ಗೊತ್ತಾಗಿರುತ್ತದೆ.

ಸಿಟ್ಟು ಇಳಿದಿಲ್ಲ. ಆದರೂ ನಮಸ್ಕಾರ.

ನಿನ್ನ ಮಗಳು

ತಾ.ಕ.: ಅಪ್ಪ ಬಂದು ಅದನ್ನು ತೊಡುತ್ತಾರೆಂದು ಕಾಯಬೇಡ. ಕಳೆದ ಚಳಿಗಾಲದಲ್ಲಿ ರೈಲು ನಿಲ್ದಾಣದಲ್ಲಿ ಅವರನ್ನು ಕಂಡೆ. ಹೊಸ ಕೋಟು ಹಾಕಿದ್ದರು. "ಅಮ್ಮಂಗೆ ಹೇಳ್ಬೇಡ" ಎಂದರು. ಹೇಳಿರಲಿಲ್ಲ. ಪಕ್ಕದ ಊರಿನ ಲಾಂಡ್ರಿಯಲ್ಲಿ ಅಜ್ಜಿಗೂ ನನಗೂ ಕೆಲಸ ಸಿಕ್ಕಿದೆ. ನಾಳೆ ಹೊರಡುತ್ತೇವೆ.