ಜಗಲಿಯ ಚಾಪೆ

ಅತ್ತೆ,

ನೀವು ಗದ್ದೆಯಿಂದ ಬರುವ ತನಕ ಕಾಯಲಾರೆ. ಎಸರಿಟ್ಟಿದ್ದೆ, ಇಳಿಸಿದ್ದೇನೆ, ಮುದ್ದೆ ನೀವೇ ಮಾಡಿಕೊಳ್ಳಿ. ಎಮ್ಮೆ ಕರೆದಿಲ್ಲ. ಬೆಳಿಗ್ಗೆಯಿಂದ ರಕ್ತ ಹೋಗುತ್ತಿದೆ. ಆಶಾ ಕಾರ್ಯಕರ್ತೆ ಭಾಗ್ಯಕ್ಕ ಆಟೋ ತರಲು ಹೋಗಿದ್ದಾರೆ, ಮಂಡ್ಯದ ಆಸ್ಪತ್ರೆಗೆ ಹೋಗುತ್ತೇವೆ.

ಮೂರು ತಿಂಗಳು ತುಂಬುವ ಮುಂಚೆ ಬೀದಿಗೆ ತಿಳಿದರೆ ಕಣ್ಣು ಬೀಳುತ್ತದೆ ಎಂದಿರಿ. ಅದಕ್ಕೇ ಎರಡು ತಿಂಗಳೂ ಮುಟ್ಟಾದವಳಂತೆ ಮೂರು ಮೂರು ದಿನ ಜಗಲಿಯ ಚಾಪೆಯ ಮೇಲೆ ಕೂತೆ. ತಾಯಿ ಕಾರ್ಡು ಬರೆಯಲು ಬಂದ ಭಾಗ್ಯಕ್ಕನನ್ನು, "ಕಾಣಾಕಿಲ್ವೇನಮ್ಮ, ಒರಗ್ ಕೂತವ್ಳೆ" ಅಂತ ನೀವು ನಕ್ಕು ಕಳಿಸಿದಾಗ ನಾನೂ ತಲೆ ತಗ್ಗಿಸಿ ಚಾಪೆಯ ಮೇಲೇ ಕೂತಿದ್ದೆ. ಹೋದ ವರ್ಷದ ಕೂಸನ್ನೂ ಹೀಗೇ ಮುಚ್ಚಿಟ್ಟು ಕಳೆದುಕೊಂಡೆವು.

ಆ ಚಾಪೆ ಒಳಗೆ ಎತ್ತಿಡಿ. ಬೀದಿಯವರು ಕೇಳಿದರೆ ಬಸುರಿ ಎಂದೇ ಹೇಳಿ ಅತ್ತೆ. ಅದು ನಿಜವಾಗಿರುವಾಗಲೇ ಒಂದು ಸಲ ಹೇಳಿಬಿಡಿ.

ಸುಚಿತ್ರ